ಹಾಸು, ಹೊಕ್ಕು ಮತ್ತು ಓರೆ: ಎರಡು ಯುದ್ಧಗಳ ನಡುವಿನ ಉಡುಪು

1920 ಮತ್ತು 30ರ ದಶಕಗಳ ಪ್ಯಾರಿಸ್, ಲಂಡನ್ ಫೋಟೊಗಳನ್ನು ನೋಡುವಾಗ ಕಣ್ಣು ಮೊದಲು ಹೋಗುವುದು ಟೋಪಿಗೆ, ಮುತ್ತಿನ ಸರಕ್ಕೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲಿಗೆ. ಅವನ್ನೆಲ್ಲ ಬದಿಗಿಟ್ಟು, ಬಟ್ಟೆ ಮೈಮೇಲಿಂದ ಹೇಗೆ ಇಳಿದಿದೆ ಎಂಬುದನ್ನಷ್ಟೇ ಸ್ವಲ್ಪ ಹೊತ್ತು ನೋಡಿ. ಹೆಂಗಸಿನ ಗೌನು ಎದೆಯಿಂದ ಪಾದದವರೆಗೆ ಎಲ್ಲೂ ಬಿಗಿಯದೆ, ಎಲ್ಲೂ ಉಬ್ಬದೆ ಹರಿದಿದೆ. ಗಂಡಸಿನ ಕೋಟಿನ ಎದೆಯ ಮೇಲೆ, ತೋಳಿನ ಪಕ್ಕದಲ್ಲಿ, ಮೇಲಿಂದ ಕೆಳಕ್ಕೆ ಒಂದು ಮೆತ್ತನೆಯ ಮಡಿಕೆ ಬಿದ್ದಿದೆ. ಇಂದಿನ ಟೈಲರ್ ಕಣ್ಣಿಗೆ ಆ ಮಡಿಕೆ ಫಿಟಿಂಗ್ ದೋಷದಂತೆ ಕಾಣಬಹುದು. ಅದು ಬೇಕೆಂದೇ ಬಿಟ್ಟದ್ದು. ಆ ಕಾಲದ ಸೊಗಸು ಮುಖ್ಯವಾಗಿ ಈ ಎರಡು ಕಡೆ ನೆಲೆಸಿದೆ ಎಂದು ನಾನು ನಂಬುತ್ತೇನೆ. 1918ರಿಂದ 1939ರವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ಪ್ಯಾರಿಸ್ಸಿನ ಗೌನು ಹೊಲಿಯುವವರೂ ಲಂಡನ್ನಿನ ಕೋಟು ಹೊಲಿಯುವವರೂ ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ತೀರ್ಮಾನಕ್ಕೆ ಬಂದರು: ಮೈಯನ್ನು ಉಡುಪಿನ ಆಕಾರಕ್ಕೆ ಬಗ್ಗಿಸುವುದು ಸಾಕು, ಇನ್ನು ಬಟ್ಟೆಯ ತೂಕ ಮತ್ತು ನೇಯ್ಗೆಗೇ ಕೆಲಸ ಒಪ್ಪಿಸೋಣ.

ಅದಕ್ಕೆ ಮುಂಚಿನ ತಲೆಮಾರಿನಲ್ಲಿ ಆಕಾರ ಇದ್ದದ್ದು ಬಟ್ಟೆಯ ಒಳಗಿನ ಸಾಮಾನಿನಲ್ಲಿ. ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳನ್ನೋ ಉಕ್ಕಿನ ಪಟ್ಟಿಗಳನ್ನೋ ಸೇರಿಸಿ ಹೊಲಿದ ಕಾರ್ಸೆಟ್ ಹೆಂಗಸರ ಸೊಂಟವನ್ನು ಹಿಡಿದಿತ್ತು. ಗಂಡಸರ ಕತ್ತನ್ನು ಗಂಜಿ ಹಾಕಿ ಹಲಗೆಯಂತೆ ಮಾಡಿದ, ಬೇರೆಯಾಗಿ ಗುಂಡಿ ಹಾಕಿ ಸಿಕ್ಕಿಸುವ ಕಾಲರು ಎತ್ತಿ ನಿಲ್ಲಿಸುತ್ತಿತ್ತು; ಕೋಟಿನ ಹೆಗಲಿಗೆ ಹತ್ತಿಯ ದಿಂಡು, ಎದೆಗೆ ದಪ್ಪ ಕ್ಯಾನ್ವಾಸ್. ಯುದ್ಧ ಬಂದು ಹೆಂಗಸರು ಕಾರ್ಖಾನೆಗೆ, ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಹೋಗುವಂತಾದಾಗ ಇದು ನಡೆಯಲಿಲ್ಲ. 1916ರಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಅವರು ರೋಡಿಯೆ ಎಂಬ ಜವಳಿ ಉದ್ಯಮಿಯಿಂದ ಜೆರ್ಸಿ ಕೊಂಡರು. ಅದು ಆವರೆಗೆ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಹೆಣಿಗೆ ಬಟ್ಟೆ. ಅದರಿಂದ ಹೆಂಗಸರ ಹೊರಉಡುಪು ಹೊಲಿದದ್ದು ದೊಡ್ಡ ತಿರುವು.

1920ರ ದಶಕದ ಮೊಣಕಾಲುದ್ದದ, ಸೊಂಟವಿಲ್ಲದ, ನೆಟ್ಟನೆ ಇಳಿಯುವ ಫ್ರಾಕ್ ಎಲ್ಲರಿಗೂ ಪರಿಚಿತ. ಹೆಗಲಿನಿಂದ ತೂಗುವ ಎರಡು ಆಯತಗಳು, ಸೊಂಟದ ಕೆಳಗೆ ಒಂದು ಪಟ್ಟಿ, ಅಲ್ಲಿಂದ ಪ್ಲೀಟು. ಹೊಲಿಯಲು ಸುಲಭ. ಅದಕ್ಕೇ ಮನೆಮನೆಯಲ್ಲೂ ಹೊಲಿದರು. 1926ರಲ್ಲಿ ಅಮೆರಿಕದ ವೋಗ್ ಪತ್ರಿಕೆ ಶನೆಲ್ ಅವರ ಸಾದಾ ಕಪ್ಪು ಫ್ರಾಕನ್ನು ಫೋರ್ಡ್ ಕಾರಿಗೆ ಹೋಲಿಸಿದ್ದು ಈ ಎಲ್ಲರಿಗೂ ಎಟುಕುವ ಗುಣಕ್ಕಾಗಿಯೇ. ಆದರೆ ಸಂಜೆಯ ಕೂಟಗಳಿಗೆಂದು ಇದೇ ಆಕಾರದ ಮೇಲೆ ಗಾಜಿನ ಮಣಿ ಹೊಲಿದಾಗ ತೊಂದರೆ ಶುರುವಾಯಿತು. ಮಣಿಗಳ ಭಾರವೆಲ್ಲ ಹೆಗಲ ಮೇಲಿನ ಎರಡು ಕಿರಿದಾದ ಶಿಫಾನ್ ಪಟ್ಟಿಗಳ ಮೇಲೆ ಬೀಳುತ್ತದೆ. ಇಂದು ಉಳಿದಿರುವ ಅಂಥ ಫ್ರಾಕುಗಳಲ್ಲಿ ಮೊದಲು ಹರಿದಿರುವುದು ಅಲ್ಲೇ. ಅವನ್ನು ಹ್ಯಾಂಗರಿಗೆ ತೂಗುಹಾಕಿದರೆ ಉಳಿದದ್ದೂ ಹೋಗುತ್ತದೆ.

ಹಳೆಯ ರೇಷ್ಮೆ ಹೀಗೆ ಪುಡಿಯಾಗಲು ಇನ್ನೊಂದು ಕಾರಣವಿದೆ. ರೇಷ್ಮೆಯ ನಾಡಿನವರಾದ ನಾವು ಅದನ್ನು ತಿಳಿದಿರಬೇಕು. ಕಚ್ಚಾ ನೂಲಿನ ಅಂಟು ತೆಗೆದಾಗ ಅದರ ತೂಕ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರಷ್ಟು ಇಳಿಯುತ್ತದೆ. ತೂಕದ ಲೆಕ್ಕದಲ್ಲಿ ಮಾರುತ್ತಿದ್ದ ಯುರೋಪಿನ ಬಣ್ಣ ಹಾಕುವ ಕಾರ್ಖಾನೆಗಳು ಆ ನಷ್ಟ ತುಂಬಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ, ತವರದ ಲವಣಗಳನ್ನು ನೂಲಿಗೆ ಕುಡಿಸುತ್ತಿದ್ದವು. ಬಟ್ಟೆಗೆ ಒಳ್ಳೆಯ ಭಾರ, ಒಳ್ಳೆಯ ಸರಸರ ಸದ್ದು ಬರುತ್ತಿತ್ತು. ಆದರೆ ಲವಣ ತುಂಬಿದ ಎಳೆ ಬೆಳಕಿಗೂ ಬೆವರಿಗೂ ಬೇಗ ಸೋತು, ಉದ್ದುದ್ದಕ್ಕೆ ಸೀಳುತ್ತದೆ. ಹಳೆಯ ಗೌನು ಕೊಳ್ಳುವವರು ಒಳಮಡಿಕೆಯಲ್ಲಿ ಇಂಥ ಸಮಾನಾಂತರ ಸೀಳುಗಳಿವೆಯೇ ಎಂದು ಮೊದಲು ನೋಡಬೇಕು. ಇದ್ದರೆ ಅದನ್ನು ರಿಪೇರಿ ಮಾಡಲಾಗದು. ಹೊಲಿದಷ್ಟೂ ಸೂಜಿಯ ತೂತುಗಳಿಂದಲೇ ಹರಿಯುತ್ತದೆ.

ಈಗ ಮದಲೇನ್ ವಿಯೊನೆ ಅವರ ವಿಷಯಕ್ಕೆ ಬರುತ್ತೇನೆ. ಈ ಕಾಲದ ಹೆಂಗಸರ ಉಡುಪಿನಲ್ಲಿ ಒಬ್ಬರನ್ನು ಮಾತ್ರ ಆರಿಸು ಎಂದರೆ ನಾನು ಆರಿಸುವುದು ಅವರನ್ನೇ. 1876ರಲ್ಲಿ ಹುಟ್ಟಿ, ಎಳವೆಯಲ್ಲೇ ಶಾಲೆ ಬಿಟ್ಟು ಹೊಲಿಗೆಗೆ ಸೇರಿದವರು. ಲಂಡನ್ನಿನಲ್ಲೂ ಪ್ಯಾರಿಸ್ಸಿನ ಕಾಲೊ ಸೋದರಿಯರ ಉಡುಪಿನ ಸಂಸ್ಥೆಯಲ್ಲೂ ದುಡಿದು, 1912ರಲ್ಲಿ ಸ್ವಂತ ಸಂಸ್ಥೆ ತೆರೆದರು. ಯುದ್ಧಕ್ಕೆ ಮುಚ್ಚಿ, ಯುದ್ಧ ಮುಗಿದ ಮೇಲೆ ಮತ್ತೆ ತೆರೆದು, 1923ರಲ್ಲಿ ಅವೆನ್ಯೂ ಮೋಂತೇಂಯ್‌ಗೆ ದೊಡ್ಡದಾಗಿ ಬಂದರು. ಸಾವಿರಕ್ಕೂ ಹೆಚ್ಚು ಕೆಲಸಗಾರರು. ಅವರಿಗೆ ವೈದ್ಯರು, ಹಲ್ಲಿನ ಚಿಕಿತ್ಸಾಲಯ, ಊಟದ ಮನೆ, ಸಂಬಳದ ರಜೆ, ಒರಗು ಇರುವ ಕುರ್ಚಿ. ಉಳಿದ ಕಡೆ ಹೊಲಿಗೆಯ ಹೆಣ್ಣುಮಕ್ಕಳು ಒರಗಿಲ್ಲದ ಸ್ಟೂಲಿನ ಮೇಲೆ ಕೂತಿದ್ದ ಕಾಲ ಅದು. ತನ್ನ ವಿನ್ಯಾಸಗಳನ್ನು ಕದಿಯುವವರ ವಿರುದ್ಧ ಪ್ರತಿ ಉಡುಪನ್ನೂ ಕನ್ನಡಿಗಳ ಮುಂದೆ ನಿಲ್ಲಿಸಿ, ಮುಂದೆ, ಹಿಂದೆ, ಪಕ್ಕ ಮೂರೂ ಕಾಣುವಂತೆ ಫೋಟೊ ತೆಗೆಸಿ ಆಲ್ಬಮ್ ಮಾಡಿಟ್ಟರು. ಲೇಬಲಿನ ಮೇಲೆ ತಮ್ಮ ಹೆಬ್ಬೆರಳಿನ ಗುರುತು ಒತ್ತಿಸಿದರು. ಆ ಆಲ್ಬಮ್‌ಗಳು ಈಗ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನಲ್ಲಿವೆ. ಅವುಗಳಿಂದಾಗಿಯೇ ಅವರ ಕತ್ತರಿಯ ಬಗ್ಗೆ ನಮಗೆ ಇಷ್ಟು ಖಚಿತವಾಗಿ ತಿಳಿದಿದೆ.

ವಿಯೊನೆ ಕಾಗದದ ಮೇಲೆ ಚಿತ್ರ ಬಿಡಿಸಿ ವಿನ್ಯಾಸ ಮಾಡುತ್ತಿರಲಿಲ್ಲ. ಸುಮಾರು 80 ಸೆಂಟಿಮೀಟರ್ ಎತ್ತರದ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ, ಗುಂಡುಪಿನ್ ಚುಚ್ಚಿ, ಬಿಚ್ಚಿ, ಮತ್ತೆ ಹೊದಿಸಿ ನೋಡುತ್ತಿದ್ದರು. ಗೊಂಬೆಯಲ್ಲಿ ಸರಿಯಾದದ್ದನ್ನು ಆಮೇಲೆ ಮನುಷ್ಯರ ಅಳತೆಗೆ ಹಿಗ್ಗಿಸುತ್ತಿದ್ದರು. ಯುದ್ಧ ಮುಗಿದ ಹೊಸತರಲ್ಲಿ ಅವರು ಮಾಡಿದ ಒಂದು ಗೌನು ಬರೀ ನಾಲ್ಕು ಚೌಕಗಳದ್ದು. ಚೌಕದ ಮೂಲೆ ಮೇಲೆ ಬರುವಂತೆ ತಿರುಗಿಸಿ ಹಿಡಿದು, ಮೂಲೆಗಳನ್ನು ಹೆಗಲಲ್ಲಿ ಸೇರಿಸಿದ್ದಾರೆ. ಕೆಳಗೆ ಉಳಿದ ಮೂಲೆಗಳು ಕರವಸ್ತ್ರದ ತುದಿಗಳಂತೆ ಇಳಿಬೀಳುತ್ತವೆ. ಬಟ್ಟೆಯನ್ನು ಚಿವುಟಿ ಹಿಡಿದು ಹೊಲಿಯುವ ಟಕ್ಸ್ ಇಲ್ಲ, ಆದರೂ ಮೈಗೆ ಕೂರುತ್ತದೆ.

ಯಾಕೆ ಕೂರುತ್ತದೆ ಎಂಬುದಕ್ಕೆ ನೇಯ್ಗೆಯನ್ನೇ ನೋಡಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ಜಗ್ಗುವುದಿಲ್ಲ. ಅಡ್ಡ ಬರುವ ಹೊಕ್ಕು ಅಲ್ಪಸ್ವಲ್ಪ ಬಿಟ್ಟುಕೊಡುತ್ತದೆ. ಈ ಎರಡಕ್ಕೂ 45 ಡಿಗ್ರಿ ಓರೆಯಾಗಿ ಎಳೆದರೆ ಎಳೆಗಳ ನಡುವಿನ ಪುಟ್ಟ ಚೌಕಗಳು ವಜ್ರಾಕೃತಿಗೆ ವಾಲಿ, ಬಟ್ಟೆ ಉದ್ದವಾಗಿ, ಅಗಲದಲ್ಲಿ ಕಿರಿದಾಗುತ್ತದೆ. ಗೌನನ್ನೇ ಓರೆಗೆ ಕತ್ತರಿಸಿದರೆ ಎಳೆಯುವ ಕೆಲಸವನ್ನು ಬಟ್ಟೆಯ ಸ್ವಂತ ಭಾರವೇ ಮಾಡುತ್ತದೆ: ಸೊಂಟದಲ್ಲಿ ತಾನಾಗಿ ಒಳಸರಿಯುತ್ತದೆ, ಪೃಷ್ಠದ ಮೇಲೆ ಹಿಗ್ಗುತ್ತದೆ, ಅಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ. ಓರೆ ಕತ್ತರಿಯನ್ನು ಅವರು ಹೊಸದಾಗಿ ಕಂಡುಹಿಡಿದವರಲ್ಲ. ಕುತ್ತಿಗೆ ಪಟ್ಟಿಗೆ, ಕಾಲರಿಗೆ ಅದು ಮೊದಲೇ ಇತ್ತು. ನಮ್ಮ ಊರುಗಳ ಟೈಲರ್ ಅಂಗಡಿಗಳಲ್ಲಿ ಇವತ್ತಿಗೂ ರವಿಕೆಯ ಕುತ್ತಿಗೆಗೆ ಕ್ರಾಸ್ ಪಟ್ಟಿ ಇಡುತ್ತಾರೆ; ಎದೆಯ ಭಾಗ ಚೆನ್ನಾಗಿ ಕೂರಲೆಂದು ಕ್ರಾಸ್ ಕಟಿಂಗ್ ರವಿಕೆ ಹೊಲಿಯುತ್ತಾರೆ. ಪಟ್ಟಿಗಷ್ಟೇ ಇದ್ದುದನ್ನು ಇಡೀ ಉಡುಪಿಗೆ ತಂದದ್ದು ವಿಯೊನೆ.

ಇಡೀ ಉಡುಪಿಗೆ ತರುವಾಗ ಮೊದಲು ಅಡ್ಡಬರುವುದು ಬಟ್ಟೆಯ ಪನ್ನ, ಅಂದರೆ ಅಂಚಿನಿಂದ ಅಂಚಿಗೆ ಇರುವ ಅಗಲ. ಲೆಕ್ಕ ಸರಳ: ಒಂದು ತುಂಡಿನ ಉದ್ದ ಮತ್ತು ಅಗಲ ಕೂಡಿಸಿ 1.41ರಿಂದ ಭಾಗಿಸಿದರೆ ಅದನ್ನು 45 ಡಿಗ್ರಿಯಲ್ಲಿ ಇಡಲು ಬೇಕಾದ ಪನ್ನ ಸಿಗುತ್ತದೆ. ಹೆಗಲಿನಿಂದ ಪಾದದವರೆಗೆ 150 ಸೆಂಟಿಮೀಟರ್ ಉದ್ದ, 50 ಅಗಲದ ತುಂಡಿಗೆ 142 ಸೆಂಟಿಮೀಟರ್ ಪನ್ನ ಬೇಕು. ಅಂಚಿನಲ್ಲಿ ಅಗಲವಾಗಿ ಬಿಚ್ಚಿಕೊಳ್ಳುವ ಗೌನಿಗೆ ಇನ್ನೂ ಹೆಚ್ಚು. ಅಂದಿನ ರೇಷ್ಮೆ ಬಟ್ಟೆಗಳು ಅಷ್ಟು ಅಗಲ ಬರುತ್ತಿರಲಿಲ್ಲ. ವಿಯೊನೆ ಅವರಿಗಾಗಿಯೇ ಬಿಯಾಂಕಿನಿ-ಫೆರಿಯೆ ಎಂಬ ನೇಯ್ಗೆ ಸಂಸ್ಥೆ ಸುಮಾರು ಎರಡು ಮೀಟರ್ ಪನ್ನದ ಕ್ರೇಪ್ ನೇಯ್ದುಕೊಟ್ಟಿತು. ಕಟಿಂಗ್ ಮಾಸ್ಟರ್ ಹೇಳಿದಂತೆ ಮಗ್ಗವೇ ಬದಲಾದ ಇಂಥ ನಿದರ್ಶನ ಜವಳಿಯ ಚರಿತ್ರೆಯಲ್ಲಿ ಅಪರೂಪ.

ಈ ಕತ್ತರಿಯನ್ನು ಇಂದು ಮಾಡಬೇಕೆನ್ನುವವರು ಬಟ್ಟೆಯ ಆಯ್ಕೆಯಿಂದಲೇ ಎಚ್ಚರವಾಗಿರಬೇಕು. ಕ್ರೇಪ್ ಡಿ ಶಿನ್, ಕ್ರೇಪ್ ಬೆನ್ನಿನ ಸ್ಯಾಟಿನ್, ಜಾರ್ಜೆಟ್ ಒಗ್ಗುತ್ತವೆ. ಇವುಗಳ ನೂಲು ಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ಹುರಿಗೊಂಡಿರುತ್ತದೆ. ಎರಡೆಳೆ ಬಲಹುರಿ, ಎರಡೆಳೆ ಎಡಹುರಿ ಎಂದು ಸರದಿಯಲ್ಲಿ ನೇಯುತ್ತಾರೆ. ಅಂಟು ತೆಗೆದ ಮೇಲೆ ಹುರಿಗಳು ಬಿಚ್ಚಿಕೊಳ್ಳಲು ಹೆಣಗಿ, ಬಟ್ಟೆಗೆ ಸಣ್ಣ ಸುಕ್ಕೂ ಒಳಗಿನಿಂದ ಒಂದು ಪುಟಿತವೂ ಬರುತ್ತದೆ. ಆ ಪುಟಿತ ಇಲ್ಲದ ಬಟ್ಟೆ ಓರೆಯಲ್ಲಿ ಜಗ್ಗಿದ ಮೇಲೆ ವಾಪಸ್ ಬರುವುದಿಲ್ಲ; ಮೊದಲ ಸಂಜೆಯೇ ಹಿಂಭಾಗ ಜೋಲುತ್ತದೆ. ಕಾಂಚೀವರದಂಥ ಬಿಗಿ ನೇಯ್ಗೆಯ ಗಟ್ಟಿ ರೇಷ್ಮೆ ಇದಕ್ಕೆ ಬೇಡ, ಅದರ ಚೌಕಗಳು ವಾಲುವುದೇ ಇಲ್ಲ. ಪಾಲಿಯೆಸ್ಟರ್ ಸ್ಯಾಟಿನ್ ಅಗ್ಗ, ಆದರೆ ಇಸ್ತ್ರಿಗೆ ಬಗ್ಗದು, ವಿದ್ಯುತ್ ಹಿಡಿದು ಕಾಲಿಗೆ ಅಂಟುತ್ತದೆ.

ಮೊದಲು ಒಂದು ಹೊಕ್ಕಿನ ಎಳೆಯನ್ನು ಎಳೆದು ತೆಗೆದು, ಆ ಗೆರೆಯ ಗುಂಟ ಕತ್ತರಿಸಿ ತುದಿಯನ್ನು ನೇರ ಮಾಡಿಕೊಳ್ಳಿ. ಅಂಗಡಿಯವರು ಹರಿದುಕೊಟ್ಟ ತುದಿಯನ್ನು ನಂಬಬೇಡಿ. ಆ ನೇರ ತುದಿಯನ್ನು ಬಟ್ಟೆಯ ಪಕ್ಕದ ಅಂಚಿಗೆ ಕೂಡುವಂತೆ ಮಡಿಚಿದರೆ ಮಡಿಕೆಯ ಗೆರೆಯೇ 45 ಡಿಗ್ರಿ. ಬಟ್ಟೆಯನ್ನು ಎರಡು ಪದರ ಮಾಡಿ ಕತ್ತರಿಸುವ ಅಭ್ಯಾಸ ಇಲ್ಲಿ ಬೇಡ. ಒಂದೇ ಪದರ, ಕೆಳಗೆ ತೆಳು ಕಾಗದ, ಕಾಗದ ಸಮೇತ ಕತ್ತರಿ. ಇಲ್ಲದಿದ್ದರೆ ಜಾರುವ ಬಟ್ಟೆಯಲ್ಲಿ ಕೆಳಪದರ ಒಂದೆರಡು ಡಿಗ್ರಿ ಸರಿದು, ಹೊಲಿದ ಮೇಲೆ ಆ ಪಕ್ಕ ಕಾಲನ್ನು ಸುತ್ತಿಕೊಳ್ಳುತ್ತದೆ. ಪಕ್ಕದ ಹೊಲಿಗೆಗೆ 3ರಿಂದ 4 ಸೆಂಟಿಮೀಟರ್ ಹೆಚ್ಚು ಬಟ್ಟೆ ಬಿಡಿ, ಯಾಕೆಂದರೆ ತುಂಡು ಉದ್ದವಾಗುತ್ತ ಅಗಲ ಕಳೆದುಕೊಳ್ಳುತ್ತದೆ.

ಮುಂಭಾಗವನ್ನು ಒಂದೇ ತುಂಡಾಗಿ ಕತ್ತರಿಸುವುದು ಅತಿ ಸಾಮಾನ್ಯವಾದ ತಪ್ಪು. ಅಗಲ ಅಂಚಿನ ಸ್ಕರ್ಟಿನಲ್ಲಿ ಹಾಗೆ ಮಾಡಿದರೆ ಒಂದು ಪಕ್ಕದ ಕಡೆ ಹಾಸು ನೆಟ್ಟಗಾಗುತ್ತ ಬರುತ್ತದೆ, ಇನ್ನೊಂದು ಪಕ್ಕದ ಕಡೆ ಹೊಕ್ಕು. ಎರಡೂ ಒಂದೇ ರೀತಿ ಜಗ್ಗುವುದಿಲ್ಲವಾದ್ದರಿಂದ ಗೌನು ನಿಧಾನಕ್ಕೆ ಒಂದು ಕಡೆ ತಿರುಚಿಕೊಳ್ಳುತ್ತದೆ. ಮಧ್ಯದಲ್ಲಿ ಹೊಲಿಗೆ ಇಟ್ಟು, ಎಡದ ತುಂಡು ಬಲದ ತುಂಡಿನ ಕನ್ನಡಿ ಬಿಂಬವಾಗಿರುವಂತೆ ಕತ್ತರಿಸಿದರೆ ಎರಡು ಎಳೆತಗಳೂ ಒಂದನ್ನೊಂದು ಸರಿದೂಗಿಸುತ್ತವೆ. 30ರ ದಶಕದ ಗೌನುಗಳ ಮಧ್ಯದಲ್ಲಿ ಇಳಿಯುವ, ಬಾಣದ ತುದಿಯಂಥ ಹೊಲಿಗೆಗಳು ಬರೀ ಅಲಂಕಾರವಲ್ಲ.

ಕತ್ತರಿಸಿದ ತುಂಡುಗಳನ್ನು ಕೂಡಲೇ ಹೊಲಿಯಬಾರದು. ಮೇಲಂಚನ್ನು ನೇರ ಹಾಸಿನ ಪಟ್ಟಿಯೊಂದಕ್ಕೆ ಕಚ್ಚಾ ಹೊಲಿಗೆ ಹಾಕಿ, ಒಂದೆರಡು ದಿನ ತೂಗುಬಿಡಿ. ಭಾರದ ಕ್ರೇಪಿಗೆ ಇನ್ನೂ ಹೆಚ್ಚು. ಆಮೇಲೆ ಮೇಜಿನ ಮೇಲೆ ಹಾಸಿ, ಪ್ಯಾಟರ್ನ್ ಮತ್ತೆ ಇಟ್ಟು, ಹೊಲಿಗೆ ಗೆರೆಯನ್ನು ಹೊಸದಾಗಿ ದಾರದಿಂದ ಗುರುತಿಸಿ. ಮಷೀನಿನ ನೇರ ಹೊಲಿಗೆ ಜಗ್ಗುವುದಿಲ್ಲ, ಬಟ್ಟೆ ಜಗ್ಗುತ್ತದೆ. ಹಾಗಾಗಿ ಹೊಲಿಗೆ ಸುರುಟುತ್ತದೆ ಇಲ್ಲವೇ ಪಟ್ ಎಂದು ಕಡಿಯುತ್ತದೆ. ಅರ್ಧ ಮಿಲಿಮೀಟರ್ ಅಗಲದ, ಕಣ್ಣಿಗೆ ಕಾಣದಷ್ಟು ಸಣ್ಣ ಜಿಗ್‌ಜಾಗ್ ಇಟ್ಟು, ಮೇಲಿಂದ ಕೆಳಕ್ಕೆ, ಬಟ್ಟೆಯನ್ನು ತುಸು ಎಳೆದು ಹಿಡಿದು ಹೊಲಿಯಿರಿ. ಕೈಹೊಲಿಗೆಯಾದರೆ ರೇಷ್ಮೆ ದಾರ, ಅಲ್ಲಲ್ಲಿ ಸ್ವಲ್ಪ ಸಡಿಲ. ಹೆಗಲು ಮತ್ತು ಕುತ್ತಿಗೆಗೆ ಮಾತ್ರ ನೇರ ಹಾಸಿನ ತೆಳು ಪಟ್ಟಿ ಸೇರಿಸಿ ಜಗ್ಗದಂತೆ ಕಟ್ಟಿಹಾಕಬೇಕು. ಗೌನಿನ ಭಾರವೆಲ್ಲ ಅಲ್ಲಿಂದಲೇ ತೂಗುವುದು. ಕೆಳ ಅಂಚನ್ನು ಮೇಜಿನ ಮೇಲೆ ಅಳೆಯಬೇಡಿ. ಉಡುವವರು ಆ ಗೌನಿನ ಜೊತೆ ತೊಡುವ ಚಪ್ಪಲಿಯನ್ನೇ ಹಾಕಿ ನಿಂತು, ನೆಲದಿಂದ ಮೇಲಕ್ಕೆ ಸುತ್ತಲೂ ಅಳೆದು ಗುರುತು ಹಾಕಿ, ಬೆರಳಲ್ಲಿ ಸುರುಳಿ ಸುತ್ತಿದ ಸಣ್ಣ ಹೆಮ್ಮಿಂಗ್ ಮಾಡಿ. ಅಗಲವಾಗಿ ಮಡಿಚಿದ ಅಂಚು ತನ್ನ ಭಾರಕ್ಕೇ ಅಲೆ ಅಲೆಯಾಗುತ್ತದೆ.

ಲೈನಿಂಗ್ ಬೇಡ. ಬೇಕೇ ಆದರೆ ಅದನ್ನೂ ಓರೆಗೆ ಕತ್ತರಿಸಿದ ಬೇರೆ ಲಂಗವಾಗಿ ಮಾಡಿ. ನೇರ ಹಾಸಿನ ಲೈನಿಂಗನ್ನು ಓರೆಯ ಗೌನಿಗೆ ಸೇರಿಸಿ ಹೊಲಿದರೆ ಮಾಡಿದ್ದೆಲ್ಲ ವ್ಯರ್ಥ. ಇಂದು ಬಾಡಿಗೆಗೆ ಸಿಗುವ ಹಳೇ ಶೈಲಿಯ ಗೌನುಗಳಲ್ಲಿ ಹತ್ತಕ್ಕೆ ಒಂಬತ್ತು ಇಲ್ಲೇ ಸೋಲುವುದು ಎಂಬುದು ನನ್ನ ಅಭಿಪ್ರಾಯ. ಅಂದಿನವರು ಎಡಪಕ್ಕದಲ್ಲಿ ಹುಕ್ಕು, ಟಿಚ್ ಬಟನ್ ಇಟ್ಟರು, ಕೆಲವನ್ನು ಬರೀ ತಲೆಯ ಮೇಲಿಂದ ಇಳಿಬಿಟ್ಟರು. ಉಡುಪಿನಲ್ಲಿ ಜಿಪ್ಪನ್ನು ಧೈರ್ಯವಾಗಿ ತೋರಿಸಿದ್ದು ಪ್ಯಾರಿಸ್ಸಿನ ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ, 1930ರ ದಶಕದ ಮಧ್ಯದಲ್ಲಿ. ಓರೆ ಬಟ್ಟೆಯ ನಡುವೆ ಬಿಗಿ ಜಿಪ್ಪು ಅಷ್ಟಾಗಿ ಒಗ್ಗುವುದೂ ಇಲ್ಲ.

ಮೊಣಕಾಲಿನ ಫ್ರಾಕಿನಿಂದ ನೆಲ ಮುಟ್ಟುವ ಗೌನಿಗೆ ಹೊರಳಿದ್ದು 1929ರ ಸುಮಾರಿಗೆ. ಪ್ಯಾರಿಸ್ಸಿನ ವಿನ್ಯಾಸಕ ಝಾಂ ಪಾತೂ ಅಂಚನ್ನು ಕೆಳಗಿಳಿಸಿ ಸೊಂಟವನ್ನು ಅದರ ಸಹಜ ಜಾಗಕ್ಕೆ ತಂದರು. ಆಲಿಕ್ಸ್ ಎಂಬ ಹೆಸರಲ್ಲಿ ದುಡಿಯುತ್ತಿದ್ದ, ಮುಂದೆ ಮದಾಂ ಗ್ರೆ ಎಂದು ಪ್ರಸಿದ್ಧರಾದ ಕಲಾವಿದೆ ರೇಷ್ಮೆ ಜೆರ್ಸಿಯನ್ನು ಕೈಯಲ್ಲೇ ಸಣ್ಣ ಸಣ್ಣ ನಿರಿಗೆ ಹಿಡಿದು ಗ್ರೀಕ್ ಶಿಲ್ಪದ ಸೊಗಸು ತಂದರು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಗಂಡಸರ ಕಡೆ ಇದೇ ಕೆಲಸ ಲಂಡನ್ನಿನ ಸವಿಲ್ ರೋ ಬೀದಿಯಲ್ಲಿ ನಡೆಯಿತು. ಫ್ರೆಡರಿಕ್ ಶೋಲ್ಟೆ ಎಂಬ ಡಚ್ ಮೂಲದ ಟೈಲರ್, ಸೈನ್ಯದ ಅಧಿಕಾರಿಗಳ ಮೇಲಂಗಿಯಲ್ಲಿ ಸೊಂಟ ಬಿಗಿದಾಗ ಎದೆಯ ಬಟ್ಟೆ ಮೃದುವಾಗಿ ತುಂಬಿ ನಿಲ್ಲುವುದನ್ನು ಗಮನಿಸಿ, ಅದನ್ನು ಸೂಟಿಗೆ ತಂದರು ಎನ್ನುತ್ತಾರೆ. ಇದಕ್ಕೆ ಡ್ರೇಪ್ ಕಟ್ ಎಂದು ಹೆಸರಾಯಿತು. ಮುಂದೆ ಎಂಟನೇ ಎಡ್ವರ್ಡ್ ಆಗಿ, 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟು ವಿಂಡ್ಸರ್ ಡ್ಯೂಕ್ ಆದ ಯುವರಾಜ, 1919ರಿಂದ ಸುಮಾರು ನಲವತ್ತು ವರ್ಷ ಕೋಟು ಹೊಲಿಸಿಕೊಂಡದ್ದು ಶೋಲ್ಟೆಯವರ ಅಂಗಡಿಯಲ್ಲೇ. ಶೋಲ್ಟೆಯವರ ಶಿಷ್ಯ ಪೆರ್ ಆಂಡರ್ಸನ್ 1906ರಲ್ಲಿ ಕಟ್ಟಿದ ಆಂಡರ್ಸನ್ ಅಂಡ್ ಶೆಪರ್ಡ್ ಅಂಗಡಿ ಈ ಶೈಲಿಯನ್ನು ಉಳಿಸಿಕೊಂಡು ಬಂತು. ನಟ, ನರ್ತಕ ಫ್ರೆಡ್ ಅಸ್ಟೇರ್ ಅಲ್ಲಿಯ ಗಿರಾಕಿ.

ಡ್ರೇಪ್ ಎಂದರೆ ಸಡಿಲ ಕೋಟಲ್ಲ. ಎದೆಯಲ್ಲಿ ಮತ್ತು ಬೆನ್ನಿನ ಹೆಗಲೆಲುಬಿನ ಮೇಲೆ ಮಾತ್ರ ಒಂದಿಷ್ಟು ಹೆಚ್ಚು ಬಟ್ಟೆ ಬಿಟ್ಟು, ಅದು ತೋಳಿನ ಪಕ್ಕದಲ್ಲಿ ನೆಟ್ಟನೆ ಮಡಿಕೆಯಾಗಿ ಇಳಿಯುವಂತೆ ಮಾಡುತ್ತಾರೆ. ಕುತ್ತಿಗೆ, ಸೊಂಟ, ಕಂಕುಳು ಈ ಮೂರೂ ಕಡೆ ಕೋಟು ಮೈಗೆ ಹತ್ತಿರವೇ ಇರಬೇಕು. ಕಂಕುಳ ರಂಧ್ರ ಚಿಕ್ಕದಾಗಿ, ಮೇಲಕ್ಕೆ ಇರಬೇಕು. ತೋಳಿನ ತಲೆ ಆ ರಂಧ್ರಕ್ಕಿಂತ ಸುತ್ತಳತೆಯಲ್ಲಿ ಹಲವು ಸೆಂಟಿಮೀಟರ್ ದೊಡ್ಡದಿರಬೇಕು, ಆ ಹೆಚ್ಚನ್ನು ಕೈಯಲ್ಲಿ ಸುಕ್ಕು ಕಾಣದಂತೆ ಒಳಗೆ ತುಂಬಬೇಕು. ಹೀಗಿದ್ದರೆ ಕೈ ಎತ್ತಿದಾಗ ತೋಳು ಮಾತ್ರ ಏರುತ್ತದೆ, ಕಾಲರು ಕುತ್ತಿಗೆ ಬಿಟ್ಟು ಕದಲುವುದಿಲ್ಲ. ಅಸ್ಟೇರ್ ಕುಣಿಯುವಾಗ ಅವರ ಕಾಲರನ್ನು ನೋಡಿ. ಇಂದು ಹಳೇ ಶೈಲಿ ಬೇಕೆಂದು ಒಂದು ಸೈಜು ದೊಡ್ಡ ರೆಡಿಮೇಡ್ ಕೋಟು ಕೊಳ್ಳುವವರಿಗೆ ಸಿಗುವುದು ಇದರ ತದ್ವಿರುದ್ಧ: ಹೆಗಲು ಜಾರಿ, ಕಂಕುಳು ಕೆಳಗಿಳಿದು, ಕೈ ಎತ್ತಿದರೆ ಇಡೀ ಕೋಟು ಮೇಲೆ ಬರುತ್ತದೆ.

ಒಳಗಿನ ಕೆಲಸದಲ್ಲೂ ಓರೆ ಇದೆ. ಮೃದು ಕೋಟು ಹೊಲಿಯುವವರು ಎದೆಯ ಕ್ಯಾನ್ವಾಸನ್ನು ಓರೆಗೆ ಕತ್ತರಿಸುತ್ತಾರೆ, ಮೈ ತಿರುಗಿದಾಗ ಅದು ತಡೆಯದೆ ಬಾಗಲಿ ಎಂದು. ಕಾಲರಿನ ಕೆಳಪದರವೂ ಓರೆಯೇ. ಕಾಲರಿನ ಕೆಳಗೆ ಎದೆಯ ಮೇಲೆ ಹೊರಮಡಿಚಿದ ಭಾಗವಾದ ಲ್ಯಾಪೆಲ್ಲನ್ನು ಬೆರಳ ಮೇಲೆ ಬಗ್ಗಿಸಿ ಹಿಡಿದು, ಬಗ್ಗಿಸಿದ ಸ್ಥಿತಿಯಲ್ಲೇ ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕುವುದರಿಂದ ಅದು ಜನ್ಮಪೂರ್ತಿ ಆ ತಿರುವು ಬಿಡುವುದಿಲ್ಲ. ಅಂಟು ಹಚ್ಚಿ ಇಸ್ತ್ರಿಯಲ್ಲಿ ಕೂಡಿಸುವ ಇಂದಿನ ಫ್ಯೂಸಿಂಗ್ ಕ್ಯಾನ್ವಾಸ್ ಎರಡನೇ ಯುದ್ಧದ ನಂತರದ್ದು. ಬಟ್ಟೆಯನ್ನೂ ಕ್ಯಾನ್ವಾಸನ್ನೂ ಒಂದೇ ಹಾಳೆ ಮಾಡಿಬಿಡುವ ಅದರಲ್ಲಿ ಡ್ರೇಪ್ ಬರಲು ಸಾಧ್ಯವಿಲ್ಲ. ಬಟ್ಟೆಯ ತೂಕವೂ ಬದಲಾಗಿದೆ. ಅಂದು ಗಜಕ್ಕೆ 16ರಿಂದ 18 ಔನ್ಸ್, ಅಂದರೆ ಮೀಟರಿಗೆ 500ರಿಂದ 560 ಗ್ರಾಂ ಉಣ್ಣೆ ಸಾಮಾನ್ಯ. ಇಂದು ಅದರ ಅರ್ಧ. ಭಾರದ ಉಣ್ಣೆಗೆ ಹಬೆ ಕೊಟ್ಟು ಇಸ್ತ್ರಿಯಲ್ಲೇ ಒಂದು ಕಡೆ ಕುಗ್ಗಿಸಬಹುದು, ಇನ್ನೊಂದು ಕಡೆ ಹಿಗ್ಗಿಸಬಹುದು. ಹಳಬರು ಅರ್ಧ ಆಕಾರ ತಂದದ್ದು ಇಸ್ತ್ರಿ ಮೇಜಿನ ಮೇಲೆ. ಪಾಲಿಯೆಸ್ಟರ್ ಬೆರೆತ ಸೂಟಿಂಗ್ ಇದಕ್ಕೆ ಒಪ್ಪುವುದೇ ಇಲ್ಲ.

ನಮ್ಮ ಹವೆಗೆ ಲಂಡನ್ನಿನ ಭಾರ ಸಲ್ಲದು ಎನ್ನುವವರು ಇಟಲಿಯ ನೇಪಲ್ಸನ್ನು ನೋಡಬೇಕು. ಅಲ್ಲಿ 1930ರ ದಶಕದ ಆರಂಭದಲ್ಲಿ ರುಬಿನಾಚಿಯವರ ಅಂಗಡಿಯ ಕಟಿಂಗ್ ಮಾಸ್ಟರ್ ವಿನ್ಚೆಂಜೊ ಅಟ್ಟೊಲೀನಿ ಇಂಗ್ಲಿಷ್ ಕೋಟಿನ ಹೆಗಲ ದಿಂಡು ತೆಗೆದು, ಲೈನಿಂಗ್ ಕಡಿಮೆ ಮಾಡಿ, ಅಂಗಿಯಷ್ಟು ಹಗುರ ಮಾಡಿದರು. ಬೆಂಗಳೂರು, ಮೈಸೂರಿನಲ್ಲಿ ಕೋಟು ತೊಡುವವರಿಗೆ ನಾನು ಸೂಚಿಸುವುದು ಈ ದಾರಿಯನ್ನೇ.

ಪ್ಯಾಂಟಿನ ವಿಷಯದಲ್ಲಿ ಅಂದಿನ ತರ್ಕ ಸ್ಪಷ್ಟ. ಅದು ಹೊಕ್ಕುಳ ಮಟ್ಟದಲ್ಲಿ ನಿಲ್ಲುತ್ತಿತ್ತು. ಹೆಗಲ ಮೇಲಿಂದ ಹಾಯುವ ಬ್ರೇಸ್ ಪಟ್ಟಿಗಳು ಮುಂದೆ ನಾಲ್ಕು, ಹಿಂದೆ ಎರಡು ಗುಂಡಿಗಳಿಂದ ಅದನ್ನು ಎತ್ತಿ ಹಿಡಿಯುತ್ತಿದ್ದವು. ಸೊಂಟದಲ್ಲಿ ಬಿಗಿತವಿಲ್ಲ, ಪ್ಯಾಂಟು ಹೆಗಲಿನಿಂದ ತೂಗುತ್ತದೆ. ಹಾಗಾಗಿ ನಿಂತಾಗ ಮುಂದಿನ ಎರಡು ಪ್ಲೀಟುಗಳು ಮುಚ್ಚಿಕೊಂಡು, ಕೂತಾಗ ತೆರೆದುಕೊಳ್ಳುತ್ತವೆ. ಇಸ್ತ್ರಿ ಗೆರೆ ಮೊದಲ ಪ್ಲೀಟಿನಿಂದಲೇ ಹೊರಟು ಬೂಟಿನವರೆಗೆ ಬಾಗದೆ ಬರುತ್ತದೆ. ಅದೇ ಪ್ಲೀಟನ್ನು ಸೊಂಟದ ಕೆಳಗೆ ಬೆಲ್ಟು ಬಿಗಿಯುವ ಇಂದಿನ ಪ್ಯಾಂಟಿಗೆ ಹಾಕಿದರೆ ಸದಾ ಬಾಯಿ ಬಿಟ್ಟುಕೊಂಡು ಹೊಟ್ಟೆ ದೊಡ್ಡದಾಗಿ ಕಾಣುತ್ತದೆ. ಪ್ಲೀಟಿಗೆ ಕೆಟ್ಟ ಹೆಸರು ಬಂದದ್ದು ಹೀಗೆ. ಪ್ಯಾಂಟಿನ ಬಾಟಂ ಸುತ್ತಳತೆ 20ರಿಂದ 22 ಇಂಚು, ಮೇಲಕ್ಕೆ ಮಡಿಚಿದ ಅಂಚು ಒಂದೂಮುಕ್ಕಾಲು ಇಂಚು. ಆ ಮಡಿಕೆ ಅಲಂಕಾರ ಮಾತ್ರವಲ್ಲ, ಪ್ಯಾಂಟನ್ನು ಕೆಳಕ್ಕೆ ಎಳೆಯುವ ಭಾರ ಅದು.

ಸಂಜೆಯ ಉಡುಪಿನಲ್ಲಿ ವಿಂಡ್ಸರ್ ಡ್ಯೂಕ್ ಜನಪ್ರಿಯಗೊಳಿಸಿದ ಮಧ್ಯರಾತ್ರಿಯ ನೀಲಿಯ ಹಿಂದೆಯೂ ಕಾರಣವಿತ್ತು. ದೀಪದ ಹಳದಿ ಬೆಳಕಿನಲ್ಲಿ ಕಪ್ಪು ಉಣ್ಣೆ ಮಾಸಿದಂತೆ, ತುಸು ಹಸಿರು ಬೆರೆತಂತೆ ಕಾಣುತ್ತದೆ. ಕಡು ನೀಲಿ ಅದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಈಗ ಎರಡೂ ಕಡೆ ಕೂಡುವ ಒಂದು ಸಣ್ಣ ವಸ್ತು: ಟೈ. ಹಳೆಯ ಟೈ ನೇರ ಹಾಸಿನಲ್ಲಿ ಕತ್ತರಿಸಿದ್ದು, ಗಂಟು ಬಿಚ್ಚಿದ ಮೇಲೂ ಸುಕ್ಕು ಉಳಿದು, ಕೆಲವು ತಿಂಗಳಲ್ಲಿ ತಿರುಚಿಕೊಳ್ಳುತ್ತಿತ್ತು. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಅದನ್ನು 45 ಡಿಗ್ರಿ ಓರೆಯಲ್ಲಿ, ಮೂರು ತುಂಡಾಗಿ ಕತ್ತರಿಸಿ ಪೇಟೆಂಟ್ ಪಡೆದರು. ಬೆನ್ನಿನ ಉದ್ದಕ್ಕೂ ಒಂದೇ ಸಡಿಲ ದಾರದ ಕೈಹೊಲಿಗೆ, ತುದಿಯಲ್ಲಿ ಪುಟ್ಟ ಕುಣಿಕೆ. ಎಳೆದಾಗ ಟೈ ಆ ದಾರದ ಮೇಲೆ ಸರಿದು ಉದ್ದವಾಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಕೊಳ್ಳುವಾಗ ಟೈಯನ್ನು ಸಣ್ಣ ತುದಿಯಿಂದ ತೂಗುಬಿಡಿ. ತಿರುಗಿದರೆ ಓರೆ ಸರಿಯಿಲ್ಲ, ಅಲ್ಲೇ ಇಟ್ಟು ಬನ್ನಿ.

ಈ ಸೊಗಸು ಭಾರತಕ್ಕೂ ಬಂತು, ಆದರೆ ತನ್ನದೇ ರೂಪದಲ್ಲಿ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರನ್ನು ಫ್ರಾನ್ಸಿನ ಕಲಾವಿದ ಬೆರ್ನಾರ್ ಬೂತೆ ದ ಮೋನ್ವೆಲ್ 1929ರಲ್ಲಿ ಪಾಶ್ಚಾತ್ಯ ಸಂಜೆಯ ಉಡುಪಿನಲ್ಲಿ, ಮುಂದೆ ಮರಾಠಾ ಉಡುಪಿನಲ್ಲಿ ಚಿತ್ರಿಸಿದರು. ಅವರನ್ನೂ ಅವರ ಪತ್ನಿ ಸಂಯೋಗಿತಾ ದೇವಿಯವರನ್ನೂ ಫೋಟೊಗ್ರಾಫರ್ ಮ್ಯಾನ್ ರೇ ಫೋಟೊ ತೆಗೆದರು. ಕೂಚ್ ಬೆಹಾರಿನ ಮಹಾರಾಣಿ ಇಂದಿರಾ ದೇವಿ ಫ್ರಾನ್ಸಿನಿಂದ ಶಿಫಾನ್ ತರಿಸಿ ಸೀರೆಯಾಗಿ ಉಟ್ಟು ಅದಕ್ಕೆ ಮರ್ಯಾದೆ ತಂದರು. ಸೀರೆಯಲ್ಲಿ ಕತ್ತರಿಯೇ ಇಲ್ಲ. ಆದರೆ ಸೊಂಟದಿಂದ ಎಡ ಹೆಗಲಿಗೆ ಏರುವ ಸೆರಗಿನಲ್ಲಿ ಭಾರ ಬೀಳುವುದು ಹಾಸು ಹೊಕ್ಕುಗಳಿಗೆ ಓರೆಯಾಗಿಯೇ. ಶಿಫಾನ್, ಕ್ರೇಪ್ ಸೀರೆಯ ಸೆರಗು ಎದೆಯ ಮೇಲೆ ಅಷ್ಟು ಚೆಂದ ಕೂರಲು ಇದೇ ಕಾರಣ.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲೇ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಗಿತ್ತು. ಹುರಿಗೊಳಿಸಿದ ನೂಲಿನ ಮೈಸೂರು ಕ್ರೇಪ್ ಗುಣದಲ್ಲಿ ವಿಯೊನೆ ಬಳಸಿದ ಬಟ್ಟೆಯ ಸೋದರಿಯೇ. 1930ರ ದಶಕದ ಆರಂಭದಲ್ಲಿ ಅಗ್ಗದ ವಿದೇಶಿ ರೇಷ್ಮೆಯೂ ಕೃತಕ ರೇಷ್ಮೆ ಎನಿಸಿಕೊಂಡ ರೇಯಾನೂ ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರನ್ನು ಹಿಂಡಿದವು. ಆ ರೇಯಾನೇ ಲಂಡನ್ನಿನ ಗುಮಾಸ್ತೆ ಹುಡುಗಿಗೂ ಹೊಳೆಯುವ ಗೌನು, ರೇಷ್ಮೆಯಂಥ ಕಾಲುಚೀಲ ಕೊಟ್ಟಿತು. ಎರಡೂ ಒಂದೇ ವ್ಯಾಪಾರದ ಎರಡು ತುದಿಗಳು.

1939ರಲ್ಲಿ ವಿಯೊನೆ ಸಂಸ್ಥೆ ಮುಚ್ಚಿತು. 1941ರ ಜೂನಿನಿಂದ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ. ಮರುವರ್ಷ ಪ್ಯಾಂಟಿನ ಮಡಿಚಿದ ಅಂಚಿಗೂ ನಿಷೇಧ. ಓರೆ ಕತ್ತರಿ ಮೂಲೆ ಮೂಲೆಯಲ್ಲಿ ತ್ರಿಕೋನಗಳನ್ನು ಉಳಿಸಿ ಬಟ್ಟೆ ನುಂಗುತ್ತದೆ, ಡ್ರೇಪ್ ಕೋಟು ಬೇಕೆಂದೇ ಹೆಚ್ಚು ಬಟ್ಟೆ ಬೇಡುತ್ತದೆ. ಬಟ್ಟೆಯನ್ನು ಗಜ ಗಜ ಲೆಕ್ಕ ಹಾಕುವ ಕಾಲದಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಇಂದು ಮೈಸೂರು ಕ್ರೇಪಿನಲ್ಲಿ ಈ ಕೆಲಸ ಮಾಡಿ ನೋಡಬೇಕೆನ್ನುವವರಿಗೆ: ಸೀರೆಯ ಪನ್ನ ಸುಮಾರು 45 ಇಂಚು, ಅಂದರೆ 114 ಸೆಂಟಿಮೀಟರ್. ಮೇಲಿನ ಲೆಕ್ಕದಂತೆ ಉದ್ದ ಅಗಲ ಕೂಡಿ 160 ಮೀರಬಾರದು. ಇಡೀ ಗೌನು ಆಗದು. ಆದರೆ 90 ಸೆಂಟಿಮೀಟರ್ ಉದ್ದ, ಅಂಚಿನಲ್ಲಿ 65 ಅಗಲದ ತುಂಡುಗಳು ಆರಾಮಾಗಿ ಬರುತ್ತವೆ. ಅಂಥ ನಾಲ್ಕು ತುಂಡು, ಮುಂದೆ ಎರಡು, ಹಿಂದೆ ಎರಡು, ಮಧ್ಯದ ಹೊಲಿಗೆಗಳಲ್ಲಿ ಕನ್ನಡಿ ಬಿಂಬವಾಗಿ ಕೂಡಿಸಿದರೆ ಒಳ್ಳೆಯ ಸ್ಕರ್ಟ್ ಆಗುತ್ತದೆ. ಜರಿಯ ಅಂಚನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ, ಅದು ಜಗ್ಗುವುದಿಲ್ಲ. ಅಂಚು ಕಳೆದರೆ ಪನ್ನವೂ ಅಷ್ಟು ಕಡಿಮೆಯಾಗುತ್ತದೆ, ಆದ್ದರಿಂದ ಸಣ್ಣ ಅಂಚಿನ ಸೀರೆಯನ್ನೇ ಆರಿಸಿ. ಹೊಲಿದ ಮೇಲೆ ಹ್ಯಾಂಗರಿಗೆ ಹಾಕದೆ, ಹತ್ತಿ ಬಟ್ಟೆಯ ನಡುವೆ ಮಲಗಿಸಿ ಬೀರುವಿನಲ್ಲಿ ಇಡಿ.